ದ್ವೀಪವಾಸಿಗಳ ವಿಜ್ಞಾನಕ್ಕೆ ಯಾರ ಆಸರೆ?

ಮೊಲೊಕಾಯಿ ದ್ವೀಪದ ಹೆಸರು ನಮ್ಮ ಕಥೋಲಿಕ ಕುಟುಂಬಗಳಿಗೆ ಹೊಸದಲ್ಲ. ಪೆಸಿಫಿಕ್ ಮಹಾಸಾಗರದ ನಡುವೆ ಇರುವ ಹವಾಯಿ ದ್ವೀಪಸಮೂಹದ ಈ ಪುಟ್ಟ ದ್ವೀಪಕ್ಕೆ 1873ರಲ್ಲಿ ಕಾಲಿಟ್ಟು, ಕುಷ್ಠರೋಗಿಗಳ ಸೇವೆಯಲ್ಲಿ ಹದಿನಾರು ವರ್ಷ ಕಳೆದು, ಕೊನೆಗೆ ಅದೇ ರೋಗಕ್ಕೆ ತುತ್ತಾಗಿ 1889ರಲ್ಲಿ ಅಸುನೀಗಿದ ಬೆಲ್ಜಿಯಂ ದೇಶದ ಗುರು ದಾಮಿಯನರ ಕಥೆಯನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. 2009ರ ಅಕ್ಟೋಬರ್ 11ರಂದು ಅವರನ್ನು ಸಂತರೆಂದು ಘೋಷಿಸಲಾಯಿತು. 1866ರಿಂದ 1969ರ ವರೆಗೆ ಸುಮಾರು 8,000 ಮಂದಿಯನ್ನು ಮನೆಮಂದಿಯಿಂದ ಬೇರ್ಪಡಿಸಿ ಮೊಲೊಕಾಯಿಯ ಕಲಾವುಪಾಪ ಪ್ರದೇಶಕ್ಕೆ ಗಡೀಪಾರು ಮಾಡಲಾಯಿತು. ಅವರಲ್ಲಿ ಬಹುಪಾಲು ಮಂದಿ ಹವಾಯಿಯ ಮೂಲನಿವಾಸಿಗಳು.

ಇದೇ ಕಥೆಗೆ ಇನ್ನೊಂದು ಅಧ್ಯಾಯವಿದೆ. ಅದು ನಮ್ಮಲ್ಲಿ ಅನೇಕರ ಕಿವಿಗೆ ಬಿದ್ದಿರಲಾರದು. ಅಮೆರಿಕದ ರಾಜಧಾನಿಯಲ್ಲಿ 2025ರಿಂದ ನಡೆದಿರುವ ಸಂಶೋಧನಾ ಅನುದಾನಗಳ ವಿವಾದವನ್ನು ಅರ್ಥಮಾಡಿಕೊಳ್ಳಲು ಆ ಅಧ್ಯಾಯವೇ ಸರಿಯಾದ ಬಾಗಿಲೆಂದು ನಾವು ಭಾವಿಸುತ್ತೇವೆ.

ಗರುಡಫಲದ ಎಣ್ಣೆ ಮತ್ತು ಒಬ್ಬ ಉಪನ್ಯಾಸಕಿ

1915ರಲ್ಲಿ ಹೊನೊಲುಲುವಿನ ಹವಾಯಿ ಕಾಲೇಜಿನಲ್ಲಿ ಆಲಿಸ್ ಬಾಲ್ ಎಂಬ ಯುವತಿ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆ ಕಾಲೇಜಿನಿಂದ ಆ ಪದವಿ ಪಡೆದ ಮೊದಲ ಮಹಿಳೆಯೂ ಮೊದಲ ಕಪ್ಪುವರ್ಣೀಯ ವ್ಯಕ್ತಿಯೂ ಅವರೇ. ಅಲ್ಲಿಯೇ ಪಾಠ ಹೇಳತೊಡಗಿದ ಅವರಿಗೆ ಆಗ ಇಪ್ಪತ್ತಮೂರು ವರ್ಷ. ಕುಷ್ಠರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಕಾಲಿಹಿ ಆಸ್ಪತ್ರೆಯ ವೈದ್ಯ ಹ್ಯಾರಿ ಹೋಲ್‌ಮನ್ ಒಂದು ಸಮಸ್ಯೆಯನ್ನು ಅವರ ಮುಂದಿಟ್ಟರು. ಚಾಲ್ಮೂಗ್ರ ಎಣ್ಣೆಯಿಂದ ರೋಗಿಗಳಿಗೆ ಅಷ್ಟಿಷ್ಟು ಗುಣ ಕಾಣುತ್ತಿತ್ತು. ಆದರೆ ಕುಡಿಸಿದರೆ ವಾಂತಿಯಾಗುತ್ತಿತ್ತು, ಚುಚ್ಚಿದರೆ ಅದು ಚರ್ಮದಡಿಯಲ್ಲಿ ಗಂಟುಗಟ್ಟಿ ನೋವುಂಟುಮಾಡುತ್ತಿತ್ತು. ಆಲಿಸ್ ಬಾಲ್ ಆ ಎಣ್ಣೆಯ ಆಮ್ಲಗಳನ್ನು ಬೇರ್ಪಡಿಸಿ, ದೇಹವು ಹೀರಿಕೊಳ್ಳಬಲ್ಲ ರೂಪಕ್ಕೆ ತಂದರು. 1940ರ ದಶಕದಲ್ಲಿ ಸಲ್ಫೋನ್ ಔಷಧಗಳು ಬರುವ ತನಕ ಆ ಚುಚ್ಚುಮದ್ದೇ ಕುಷ್ಠರೋಗಿಗಳಿಗಿದ್ದ ಮುಖ್ಯ ಆಸರೆಯಾಯಿತು.

ಚಾಲ್ಮೂಗ್ರ ನಮಗೆ ಪರಕೀಯವಾದ ವಸ್ತುವಲ್ಲ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಗರುಡಫಲವೆಂದು ಕರೆಯಲಾಗುವ ಮರವೂ ಇದೇ ಕುಲಕ್ಕೆ ಸೇರಿದೆ. ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದುದನ್ನು ಬಲ್ಲ ನಮಗೆ, ಅಂದಿನ ರೋಗಿಗಳ ಪಾಡು ಏನಾಗಿತ್ತೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಆಲಿಸ್ ಬಾಲ್ ತಮ್ಮ ಸಂಶೋಧನೆಯನ್ನು ಪ್ರಕಟಿಸುವ ಮೊದಲೇ, 1916ರ ಡಿಸೆಂಬರ್ 31ರಂದು ತೀರಿಕೊಂಡರು. ಕಾಲೇಜಿನ ಮುಖ್ಯಸ್ಥರಾಗಿದ್ದ ಆರ್ಥರ್ ಡೀನ್ ಆ ಕೆಲಸವನ್ನು ಮುಂದುವರಿಸಿ, ಆಕೆಯ ಹೆಸರನ್ನು ಹೇಳದೆಯೇ ಪ್ರಕಟಿಸಿದರು. 1922ರಲ್ಲಿ ಹೋಲ್‌ಮನ್ ಅದನ್ನು ‘ಬಾಲ್ ವಿಧಾನ’ವೆಂದು ಬರೆದರೂ ಜನ ಆಕೆಯನ್ನು ಮರೆತರು. ಹವಾಯಿ ವಿಶ್ವವಿದ್ಯಾನಿಲಯವು ತನ್ನ ಆವರಣದ ಚಾಲ್ಮೂಗ್ರ ಮರದ ಬಳಿ ಆಕೆಯ ನೆನಪಿನ ಫಲಕವನ್ನಿಟ್ಟದ್ದು 2000ದಲ್ಲಿ.

ಈ ಕಥೆಯಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಪ್ರಶ್ನೆ ಹುಟ್ಟಿದ್ದು ಆ ದ್ವೀಪದ ರೋಗಿಗಳ ಹಾಸಿಗೆಯ ಬಳಿ. ಉತ್ತರ ಬಂದದ್ದು ಅದೇ ಊರಿನ ಕಾಲೇಜಿನಿಂದ. ಎರಡನೆಯದಾಗಿ, ಆಲಿಸ್ ಬಾಲ್ ಹವಾಯಿಯ ಮೂಲನಿವಾಸಿಯಲ್ಲ. ಅವರು ಅಮೆರಿಕದ ಸಿಯಾಟಲ್ ನಗರದಿಂದ ಬಂದವರು. ಆ ಜನರಿಗೆ ಅವರು ಉಪಕಾರಿಯಾದದ್ದು ರಕ್ತಸಂಬಂಧದಿಂದಲ್ಲ, ಅವರ ನಡುವೆ ಇದ್ದು ಅವರ ಪ್ರಶ್ನೆಯನ್ನು ತನ್ನದಾಗಿಸಿಕೊಂಡದ್ದರಿಂದ. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಂದಿನ ವಿಷಯಕ್ಕೆ ಬರೋಣ.

ಸಣ್ಣ ಕಾಲೇಜಿನ ಕಿರಿಯ ಅಧ್ಯಾಪಕ

ಅಮೆರಿಕದಲ್ಲಿ ಮೂಲವಿಜ್ಞಾನದ ಸಂಶೋಧನೆಗೆ ಹಣ ಒದಗಿಸುವ ಪ್ರಮುಖ ಸಂಸ್ಥೆ, 1950ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ. ಇನ್ನೂ ಖಾಯಂ ಆಗದ ಕಿರಿಯ ಪ್ರಾಧ್ಯಾಪಕರಿಗೆಂದೇ ಅದು 1995ರಿಂದ ಒಂದು ಅನುದಾನವನ್ನು ನೀಡುತ್ತ ಬಂದಿದೆ. ಐದು ವರ್ಷಗಳ ಅವಧಿಗೆ ಕನಿಷ್ಠ 4,00,000 ಡಾಲರುಗಳ ಈ ಅನುದಾನಕ್ಕೆ ಒಂದು ಒಳ್ಳೆಯ ಷರತ್ತಿದೆ: ಸಂಶೋಧನೆ ಮತ್ತು ಬೋಧನೆ ಒಟ್ಟೊಟ್ಟಿಗೆ ಸಾಗಬೇಕು. ವರ್ಷಕ್ಕೆ ಸುಮಾರು 500 ಮಂದಿಗೆ ಅದು ದೊರೆಯುತ್ತದೆ.

ಆದರೆ ಸ್ಪರ್ಧೆಯೆಂಬುದು ಸಮಾನರ ನಡುವೆ ನಡೆದರೆ ಮಾತ್ರ ನ್ಯಾಯವೆನಿಸುತ್ತದೆ. ಹೆಸರುವಾಸಿಯಾದ ದೊಡ್ಡ ವಿಶ್ವವಿದ್ಯಾನಿಲಯದ ಕಿರಿಯ ಅಧ್ಯಾಪಕನಿಗೆ ಸುಸಜ್ಜಿತ ಪ್ರಯೋಗಾಲಯವಿದೆ, ಡಾಕ್ಟರೇಟಿಗೆ ದುಡಿಯುವ ವಿದ್ಯಾರ್ಥಿಗಳಿದ್ದಾರೆ, ಅರ್ಜಿ ಸಿದ್ಧಪಡಿಸಲು ಪ್ರತ್ಯೇಕ ಕಚೇರಿಯೇ ಇದೆ. ದ್ವೀಪದ ಸಣ್ಣ ಕಾಲೇಜಿನ ಅಧ್ಯಾಪಕನಾದರೋ ದಿನವಿಡೀ ತರಗತಿಗಳಲ್ಲಿ ಪಾಠ ಹೇಳಿ, ಸಂಜೆ ಉತ್ತರಪತ್ರಿಕೆಗಳನ್ನು ತಿದ್ದಿ, ರಾತ್ರಿ ಉಳಿದ ವೇಳೆಯಲ್ಲಿ ಸಂಶೋಧನೆಯ ಕನಸು ಕಾಣಬೇಕು. ಉಪಕರಣ ಕೆಟ್ಟರೆ ಸರಿಪಡಿಸುವವರು ಸಾವಿರಾರು ಮೈಲಿ ಸಮುದ್ರ ದಾಟಿ ಬರಬೇಕು. ಜೀವನವೆಚ್ಚವೂ ಹವಾಯಿಯಲ್ಲಿ ದುಬಾರಿ. ಹೀಗಾಗಿ ಪ್ರತಿಭೆಯುಳ್ಳವರು ಕೆಲವು ವರ್ಷ ಕಳೆಯುತ್ತಲೇ ಮುಖ್ಯಭೂಮಿಗೆ ಹೊರಟುಹೋಗುವುದು ಸಹಜ.

ಈ ಕೊರತೆಯನ್ನು ತುಂಬಲೆಂದೇ 2001ರಿಂದ ಬುಡಕಟ್ಟು ಕಾಲೇಜುಗಳಿಗೂ ಅಲಾಸ್ಕ ಹಾಗೂ ಹವಾಯಿಯ ಮೂಲನಿವಾಸಿಗಳಿಗೆ ಸೇವೆ ಸಲ್ಲಿಸುವ ವಿದ್ಯಾಸಂಸ್ಥೆಗಳಿಗೂ ಪ್ರತಿಷ್ಠಾನವು ಪ್ರತ್ಯೇಕ ಯೋಜನೆಯೊಂದನ್ನು ನಡೆಸಿಕೊಂಡು ಬಂತು. ಹೊಸದಾಗಿ ಸೇರಿದ ಅಧ್ಯಾಪಕರ ಕಿರು ಸಂಶೋಧನೆಗಳಿಗೂ ಅದರಲ್ಲಿ ಅವಕಾಶವಿತ್ತು. ಇದರೊಂದಿಗೆ ಅಮೆರಿಕದ ಶಿಕ್ಷಣ ಇಲಾಖೆಯ ನೆರವೂ ಇತ್ತು. ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇಕಡಾ 10ರಷ್ಟು ಮಂದಿ ಹವಾಯಿಯ ಮೂಲನಿವಾಸಿಗಳಾಗಿದ್ದರೆ ಆ ಕಾಲೇಜು ಇಲಾಖೆಯ ನೆರವಿಗೆ ಅರ್ಹವಾಗುತ್ತಿತ್ತು.

ಇಂತಹ ಸಂಸ್ಥೆಗಳಲ್ಲಿ ಹೊನೊಲುಲುವಿನ ಶಮಿನಾದ್ ವಿಶ್ವವಿದ್ಯಾನಿಲಯವೂ ಒಂದು. 1883ರಲ್ಲಿ ಹವಾಯಿಗೆ ಬಂದ ಮೇರಿಯನಿಸ್ಟ್ ಸಭೆಯ ಧರ್ಮಸಹೋದರರು ಮೊದಲು ಶಾಲೆಯನ್ನು ನಡೆಸಿ, 1955ರಲ್ಲಿ ಈ ಕಥೋಲಿಕ ಕಾಲೇಜನ್ನು ಆರಂಭಿಸಿದರು. ಇತ್ತೀಚಿನ ವರ್ಷಗಳಲ್ಲಿ ಪ್ರತಿಷ್ಠಾನದ ನೆರವಿನಿಂದಲೇ ಅದು ಟೆಕ್ಸಾಸಿನ ಕಂಪ್ಯೂಟರ್ ಕೇಂದ್ರವೊಂದರ ಜೊತೆಗೂಡಿ, ಪೆಸಿಫಿಕ್ ದ್ವೀಪಗಳ ವಿದ್ಯಾರ್ಥಿಗಳಿಗೆ ದತ್ತಾಂಶ ವಿಜ್ಞಾನವನ್ನು ಕಲಿಸುವ ಬೇಸಿಗೆ ಶಿಬಿರಗಳನ್ನು ನಡೆಸಿತು. ತಮ್ಮ ದ್ವೀಪದ ನೀರು, ಆರೋಗ್ಯ, ಹವಾಮಾನಗಳ ಅಂಕಿಅಂಶಗಳನ್ನು ತಾವೇ ಓದಬಲ್ಲ ಯುವಕ ಯುವತಿಯರನ್ನು ಸಿದ್ಧಗೊಳಿಸುವುದೇ ಇಂತಹ ಶಿಬಿರಗಳ ಪ್ರಯೋಜನ.

ದ್ವೀಪ ಕೇಳುವ ಪ್ರಶ್ನೆಗಳು

ದ್ವೀಪದಲ್ಲಿ ನೆಲೆಸಿದ ವಿಜ್ಞಾನಿಯಿಂದ ಆಗುವ ವಿಶೇಷ ಪ್ರಯೋಜನವಾದರೂ ಏನೆಂದು ಕೇಳಬಹುದು. ಕೆಲವು ಉದಾಹರಣೆಗಳನ್ನು ನೋಡೋಣ.

ಹವಾಯಿಯ ಮಳೆಕಾಡುಗಳ ಆಧಾರಸ್ತಂಭವೆನಿಸಿದ ಓಹಿಯಾ ಮರಗಳು ಇದ್ದಕ್ಕಿದ್ದಂತೆ ಒಣಗತೊಡಗಿದ್ದಕ್ಕೆ ಒಂದು ಶಿಲೀಂಧ್ರವೇ ಕಾರಣವೆಂದು 2014ರಲ್ಲಿ ತಿಳಿದುಬಂತು. ಮಳೆನೀರನ್ನು ಹಿಡಿದು ನೆಲಕ್ಕಿಳಿಸುವ ಈ ಮರಗಳು ಲಕ್ಷಗಟ್ಟಲೆ ಸತ್ತಿವೆ. ಮುಂದೆ 2018ರಲ್ಲಿ ಆ ರೋಗ ತರುವ ಎರಡು ಶಿಲೀಂಧ್ರಗಳಿಗೆ ವೈಜ್ಞಾನಿಕ ಹೆಸರಿಡುವಾಗ ಹವಾಯಿ ಭಾಷೆಯ ಪದಗಳನ್ನೇ ಬಳಸಲಾಯಿತು. 1896ರಲ್ಲಿ ಶಾಲೆಗಳಿಂದ ಹೊರದೂಡಲ್ಪಟ್ಟ ಭಾಷೆಯೊಂದು ವಿಜ್ಞಾನದ ಹೆಸರುಗಳ ಸಾಲಿಗೆ ಸೇರಿದ್ದು ಸಣ್ಣ ಮಾತಲ್ಲ.

ಓವಾಹು ದ್ವೀಪದ ಹೇಈಯ ಎಂಬಲ್ಲಿ ಕಲ್ಲುಗೋಡೆ ಕಟ್ಟಿ, ಕಂಡಿಗಳನ್ನಿಟ್ಟು, ಏರಿಳಿತದ ನೀರಿನಲ್ಲಿ ಮೀನು ಸಾಕುವ ಶತಮಾನಗಳಷ್ಟು ಹಳೆಯ ಕೊಳವಿದೆ. ಹಿರಿಯರ ಅನುಭವವನ್ನೂ ಪ್ರಯೋಗಾಲಯದ ಅಳತೆಯನ್ನೂ ಜೊತೆಗಿಟ್ಟು ಅಲ್ಲಿ ಅಧ್ಯಯನ ನಡೆಯುತ್ತಿದೆ. 2017ರಲ್ಲಿ ಆ ಪ್ರದೇಶವನ್ನು ರಾಷ್ಟ್ರೀಯ ಅಳಿವೆ ಸಂಶೋಧನಾ ವಲಯವೆಂದು ಘೋಷಿಸಲಾಯಿತು.

2021ರ ನವೆಂಬರಿನಲ್ಲಿ ಅಮೆರಿಕದ ನೌಕಾಪಡೆಯ ಇಂಧನ ಸೋರಿ ಕುಡಿಯುವ ನೀರಿಗೆ ಬೆರೆತಾಗ, ನಮ್ಮ ನಲ್ಲಿಯ ನೀರು ಶುದ್ಧವೇ ಎಂಬುದು ಸಾವಿರಾರು ಕುಟುಂಬಗಳ ಪ್ರಶ್ನೆಯಾಯಿತು. 2023ರ ಆಗಸ್ಟ್ 8ರಂದು ಲಹೈನಾ ಪಟ್ಟಣ ಬೆಂಕಿಗೆ ಆಹುತಿಯಾಗಿ 100ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡಾಗ, ಪಾಳುಬಿದ್ದ ಕಬ್ಬಿನ ತೋಟಗಳಲ್ಲಿ ಬೆಳೆದುನಿಂತ ಪರದೇಶದ ಹುಲ್ಲು ಆ ಬೆಂಕಿಗೆ ಹೇಗೆ ಮೇವಾಯಿತೆಂಬುದು ಚರ್ಚೆಗೆ ಬಂತು. ಇವು ದೂರದ ಪ್ರಯೋಗಾಲಯದವರಿಗೆ ಒಂದು ಬೇಸಿಗೆಯ ವಿಷಯವಾದಾವು. ಅಲ್ಲೇ ಬಾಳುವವರಿಗೆ ಇವು ಮುಂದಿನ ಮೂವತ್ತು ವರ್ಷಗಳ ಕೆಲಸ.

2025ರಲ್ಲಿ ಆದದ್ದೇನು?

2025ರ ಏಪ್ರಿಲ್ ತಿಂಗಳಲ್ಲಿ ಪ್ರತಿಷ್ಠಾನವು ತನ್ನ ಆದ್ಯತೆಗಳನ್ನು ಬದಲಾಯಿಸಿರುವುದಾಗಿ ಪ್ರಕಟಿಸಿತು. ನಿರ್ದಿಷ್ಟ ಗುಂಪುಗಳ ಭಾಗವಹಿಸುವಿಕೆಯನ್ನು ಹೆಚ್ಚಿಸುವ ಕೆಲಸಗಳು ಇನ್ನು ಅದರ ಆದ್ಯತೆಯಲ್ಲವೆಂದಾಯಿತು. ಕೆಲವೇ ವಾರಗಳಲ್ಲಿ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ಅರ್ಧದಲ್ಲೇ ರದ್ದುಗೊಳಿಸಲಾಯಿತು. ವಿಜ್ಞಾನ ಶಿಕ್ಷಣದ ಯೋಜನೆಗಳಿಗೆ ಹೆಚ್ಚಿನ ಪೆಟ್ಟು ಬಿತ್ತು. ಸುಮಾರು 900 ಕೋಟಿ ಡಾಲರುಗಳಷ್ಟಿದ್ದ ಪ್ರತಿಷ್ಠಾನದ ವಾರ್ಷಿಕ ಹಣವನ್ನು ಅರ್ಧಕ್ಕಿಂತಲೂ ಕೆಳಗೆ ಇಳಿಸಬೇಕೆಂಬ ಪ್ರಸ್ತಾವವನ್ನೂ ಸರ್ಕಾರ ಮುಂದಿಟ್ಟಿತು. ಅಷ್ಟು ದೊಡ್ಡ ಕಡಿತಕ್ಕೆ ಅಲ್ಲಿನ ಸಂಸತ್ತು ಒಪ್ಪಲಿಲ್ಲವೆಂಬುದು ಸಮಾಧಾನದ ಸಂಗತಿ.

2025ರ ಸೆಪ್ಟೆಂಬರ್ 10ರಂದು ಶಿಕ್ಷಣ ಇಲಾಖೆಯು ಅಲ್ಪಸಂಖ್ಯಾತರಿಗೆ ಸೇವೆ ಸಲ್ಲಿಸುವ ಸಂಸ್ಥೆಗಳ ಸುಮಾರು 35 ಕೋಟಿ ಡಾಲರುಗಳ ವಿವೇಚನಾಧೀನ ನೆರವನ್ನು ನಿಲ್ಲಿಸುವುದಾಗಿ ಸಾರಿತು. ಹವಾಯಿಯ ಮೂಲನಿವಾಸಿಗಳಿಗೆ ಸೇವೆ ಸಲ್ಲಿಸುವ ಕಾಲೇಜುಗಳ ಯೋಜನೆಯೂ ಅದರಲ್ಲಿ ಸೇರಿತ್ತು. ಜನಾಂಗದ ಲೆಕ್ಕದ ಮೇಲೆ ಹಣ ಹಂಚುವುದು ಸಂವಿಧಾನಕ್ಕೆ ವಿರುದ್ಧವೆಂಬುದೇ ಇಲಾಖೆಯ ವಾದ. ಇದಾದ ಕೆಲವೇ ದಿನಗಳಲ್ಲಿ, ಚಾರಿತ್ರಿಕವಾಗಿ ಕಪ್ಪುವರ್ಣೀಯರವಾದ ಕಾಲೇಜುಗಳಿಗೂ ಬುಡಕಟ್ಟು ಕಾಲೇಜುಗಳಿಗೂ 49.5 ಕೋಟಿ ಡಾಲರುಗಳಷ್ಟು ಹೆಚ್ಚುವರಿ ಹಣವನ್ನು ಅದೇ ಇಲಾಖೆ ಪ್ರಕಟಿಸಿತು.

ಬುಡಕಟ್ಟು ಕಾಲೇಜುಗಳಿಗೆ ಸಿಕ್ಕ ರಕ್ಷಣೆ ಹವಾಯಿಯ ಕಾಲೇಜುಗಳಿಗೇಕೆ ಸಿಗಲಿಲ್ಲ? ಸಮಸ್ಯೆಯ ತಿರುಳು ಇಲ್ಲಿದೆ.

ಜನಾಂಗವೋ, ಜನತೆಯೋ?

ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ನೀಡಿದ ತೀರ್ಪೊಂದರ ಪ್ರಕಾರ, ಸರ್ಕಾರವು ಮಾನ್ಯಮಾಡಿದ ಬುಡಕಟ್ಟುಗಳಿಗೆ ನೀಡುವ ಆದ್ಯತೆಯು ಜನಾಂಗೀಯ ಪಕ್ಷಪಾತವಲ್ಲ. ಅದು ಒಂದು ರಾಜಕೀಯ ಸಮುದಾಯದೊಂದಿಗಿನ ಸಂಬಂಧ. ಆದರೆ ಹವಾಯಿಯ ಮೂಲನಿವಾಸಿಗಳಿಗೆ ಅಂತಹ ಬುಡಕಟ್ಟು ಮಾನ್ಯತೆ ದೊರೆತಿಲ್ಲ. 2000ದಲ್ಲಿ ಅದೇ ನ್ಯಾಯಾಲಯವು, ಹವಾಯಿ ರಾಜ್ಯದ ಒಂದು ಚುನಾವಣೆಯಲ್ಲಿ ಮೂಲನಿವಾಸಿಗಳಿಗೆ ಮಾತ್ರ ಮತದಾನದ ಹಕ್ಕನ್ನು ಸೀಮಿತಗೊಳಿಸುವುದು ಜನಾಂಗೀಯ ತಾರತಮ್ಯವೆಂದು ಹೇಳಿತು. ಅವರ ಸ್ಥಾನ ಬುಡಕಟ್ಟುಗಳಿಗೆ ಸಮಾನವೇ ಎಂಬ ಪ್ರಶ್ನೆಯನ್ನು ಅದು ಆಗ ತೀರ್ಮಾನಿಸಲಿಲ್ಲ. ಆ ಪ್ರಶ್ನೆ ತೂಗುತ್ತಲೇ ಉಳಿಯಿತು.

ಇದೊಂದು ವಿಚಿತ್ರ ಪರಿಸ್ಥಿತಿ. ಹವಾಯಿಯವರಿಗೆ ಬುಡಕಟ್ಟು ಮಾನ್ಯತೆ ಇಲ್ಲದಿರಬಹುದು. ಆದರೆ ಒಂದು ಕಾಲಕ್ಕೆ ಅವರಿಗೆ ಸ್ವಂತ ರಾಜ್ಯವೇ ಇತ್ತು. 1843ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಆ ರಾಜ್ಯದ ಸ್ವಾತಂತ್ರ್ಯವನ್ನು ಮಾನ್ಯಮಾಡಿದ್ದವು. 1893ರ ಜನವರಿ 17ರಂದು ಅಮೆರಿಕದ ನೌಕಾಸೈನಿಕರ ಬೆಂಬಲದೊಂದಿಗೆ ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಲಾಯಿತು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು. ಸುಮಾರು 18 ಲಕ್ಷ ಎಕರೆ ಭೂಮಿಯೂ ಕೈಬದಲಾಯಿತು. ನೂರು ವರ್ಷಗಳ ಬಳಿಕ, 1993ರಲ್ಲಿ, ಅಮೆರಿಕದ ಸಂಸತ್ತೇ ಈ ಕೃತ್ಯಕ್ಕಾಗಿ ಕ್ಷಮೆಯಾಚಿಸುವ ನಿರ್ಣಯವನ್ನು ಅಂಗೀಕರಿಸಿತು. ತನ್ನ ರಾಜ್ಯವನ್ನು ಕಳೆದುಕೊಂಡ ಜನತೆ ಇದೀಗ, ಕೈಯಲ್ಲಿ ರಾಜ್ಯವಿಲ್ಲವೆಂಬ ಕಾರಣಕ್ಕೇ ಬರಿಯ ಜನಾಂಗವಾಗಿ ಎಣಿಸಲ್ಪಡುತ್ತಿದೆ.

ಇನ್ನೊಂದು ಪಕ್ಷದ ಮಾತು

ಇಲಾಖೆಯ ವಾದವನ್ನು ಸುಮ್ಮನೆ ತಳ್ಳಿಹಾಕುವುದು ನ್ಯಾಯವಲ್ಲ. ಎಲ್ಲ ಪ್ರಜೆಗಳ ತೆರಿಗೆಯಿಂದ ಕೂಡಿದ ಹಣವನ್ನು ಹಂಚುವಾಗ ಹುಟ್ಟನ್ನು ನೋಡಬಾರದೆಂಬುದು ಗೌರವಾರ್ಹ ತತ್ವ. ಬಡತನವೆಂಬುದು ಒಂದೇ ಜನಾಂಗದ ಸೊತ್ತಲ್ಲವೆಂಬುದೂ ನಿಜ. ಇಂತಹ ಅನುದಾನಗಳಲ್ಲಿ ಬೇರೆ ಕೊರತೆಗಳೂ ಇವೆ. ಐದು ವರ್ಷ ಮುಗಿಯುತ್ತಲೇ ಕೆಲಸ ನಿಂತುಹೋಗುವುದುಂಟು. ಹಣ ಎಲ್ಲಿದೆಯೋ ಅತ್ತ ವಿಷಯವನ್ನು ತಿರುಗಿಸುವ ಪ್ರವೃತ್ತಿಯೂ ಉಂಟು. ಪಾಠ ಹೇಳುವುದಕ್ಕಿಂತ ವರದಿ ಬರೆಯುವುದಕ್ಕೇ ಹೆಚ್ಚು ಸಮಯ ವ್ಯಯವಾಗುವ ಅಪಾಯವೂ ಇದೆ.

ಆದರೂ ಆ ತತ್ವ ಇಲ್ಲಿ ಅನ್ವಯಿಸುವುದೇ ಎಂಬುದನ್ನು ಪರಿಶೀಲಿಸಬೇಕು. ಈ ನೆರವು ಸಿಗುತ್ತಿದ್ದುದು ವ್ಯಕ್ತಿಯ ಹುಟ್ಟನ್ನು ನೋಡಿ ಅಲ್ಲ, ಸಂಸ್ಥೆಯ ಕಾರ್ಯವನ್ನು ನೋಡಿ. ಅಲ್ಲಿ ಪಾಠ ಹೇಳುವವರು ಯಾವ ಜನಾಂಗದವರೂ ಆಗಬಹುದು. ಆಲಿಸ್ ಬಾಲ್ ಅದಕ್ಕೆ ಶತಮಾನದ ಹಿಂದಿನ ಸಾಕ್ಷಿ. ನೂರರಲ್ಲಿ ಹತ್ತು ಮಂದಿ ಮೂಲನಿವಾಸಿಗಳಿರುವ ಕಾಲೇಜಿಗೆ ಹೊಸ ಪ್ರಯೋಗಾಲಯ ಬಂದರೆ ಉಳಿದ ತೊಂಬತ್ತು ಮಂದಿಯೂ ಅದೇ ಮೇಜಿನ ಮುಂದೆ ಕುಳಿತು ಕಲಿಯುತ್ತಾರೆ. ನಿಂತುಹೋದ ನೆರವು ಅವರಿಗೂ ನಷ್ಟವೇ.

ಮೇಲಾಗಿ, ರದ್ದುಗೊಳಿಸುವ ರೀತಿಗೂ ಒಂದು ನೀತಿಯಿದೆ. ಐದು ವರ್ಷದ ಮಾತು ಕೊಟ್ಟು ಎರಡನೆಯ ವರ್ಷದಲ್ಲಿ ಹಿಂತೆಗೆದುಕೊಂಡರೆ ನಷ್ಟವಾಗುವುದು ಹಣ ಮಾತ್ರವಲ್ಲ. ಹಿರಿಯ ಪ್ರಾಧ್ಯಾಪಕನು ಬೇರೊಂದು ಮೂಲವನ್ನು ಹುಡುಕಿಕೊಂಡಾನು. ಖಾಯಂ ಆಗದ ಕಿರಿಯನಿಗೆ ಮಾತ್ರ ಆ ಐದು ವರ್ಷಗಳೇ ಜೀವನದ ಪರೀಕ್ಷಾಕಾಲ. ಅವನು ಊರು ಬಿಟ್ಟರೆ, ಅವನನ್ನು ನಂಬಿ ಹೊಲದ ಮಣ್ಣನ್ನೂ ಮನೆಯ ನೀರನ್ನೂ ಪರೀಕ್ಷೆಗೆ ಕೊಟ್ಟ ಜನ ಮುಂದಿನವನನ್ನು ನಂಬಲಾರರು.

ನಂಬಿಕೆ ಇಲ್ಲದ ವಿಜ್ಞಾನ

ನಂಬಿಕೆ ಕಳೆದುಕೊಂಡ ವಿಜ್ಞಾನದ ಗತಿ ಏನಾಗುವುದೆಂಬುದಕ್ಕೆ ಹವಾಯಿಯಲ್ಲೇ ಒಂದು ಪಾಠವಿದೆ. ಅದರಲ್ಲಿ ನಮ್ಮ ದೇಶಕ್ಕೂ, ನಮ್ಮ ರಾಜ್ಯಕ್ಕೂ ಪಾಲಿದೆ.

4,200 ಮೀಟರಿಗೂ ಎತ್ತರವಾದ ಮೌನಾ ಕೇಯಾ ಪರ್ವತದ ಶಿಖರ ಮೂಲನಿವಾಸಿಗಳಿಗೆ ಪವಿತ್ರ ಸ್ಥಳ. 1968ರಲ್ಲಿ ಅದನ್ನು ವಿಶ್ವವಿದ್ಯಾನಿಲಯಕ್ಕೆ ವರ್ಷಕ್ಕೆ ಒಂದು ಡಾಲರಿನಂತೆ 65 ವರ್ಷಗಳ ಗೇಣಿಗೆ ಕೊಡಲಾಯಿತು. ಒಂದರ ಹಿಂದೊಂದರಂತೆ ದೂರದರ್ಶಕಗಳು ಅಲ್ಲಿ ತಲೆಯೆತ್ತಿದವು. ಮೂವತ್ತು ಮೀಟರ್ ವ್ಯಾಸದ ಬೃಹತ್ ದೂರದರ್ಶಕವೊಂದನ್ನು ಅಲ್ಲಿ ಸ್ಥಾಪಿಸುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ಭಾರತವೂ ಪಾಲುದಾರ. 2014ರಲ್ಲಿ ಕೇಂದ್ರ ಸಚಿವ ಸಂಪುಟವು ಇದಕ್ಕಾಗಿ ಸುಮಾರು 1,300 ಕೋಟಿ ರೂಪಾಯಿಗಳಿಗೆ ಒಪ್ಪಿಗೆ ನೀಡಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಇದರ ಮುಂಚೂಣಿಯಲ್ಲಿದ್ದು, ಕನ್ನಡಿಯ ತುಂಡುಗಳಿಗೆ ಹೊಳಪು ಕೊಡುವ ಘಟಕವನ್ನು ಹೊಸಕೋಟೆಯಲ್ಲಿ ಸ್ಥಾಪಿಸಿದೆ.

ಆದರೆ 2015ರಲ್ಲಿಯೂ 2019ರಲ್ಲಿಯೂ ಸಾವಿರಾರು ಜನ ಪರ್ವತದ ದಾರಿಗೆ ಅಡ್ಡ ಕುಳಿತರು. 2019ರ ಜುಲೈಯಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಪೊಲೀಸರು ಬಂಧಿಸಿದಾಗ ಅವರಲ್ಲಿ ಬಹುಪಾಲು ಮಂದಿ ವೃದ್ಧರು. ನ್ಯಾಯಾಲಯದ ಅನುಮತಿ 2018ರಲ್ಲೇ ದೊರೆತಿದ್ದರೂ ಕಟ್ಟಡ ಮೇಲೇಳಲಿಲ್ಲ. ಪರ್ವತದ ಆಡಳಿತದಲ್ಲಿ ಮೂಲನಿವಾಸಿಗಳಿಗೂ ಸ್ಥಾನ ನೀಡುವ ಹೊಸ ಪ್ರಾಧಿಕಾರವನ್ನು 2022ರಲ್ಲಿ ಹವಾಯಿ ರಾಜ್ಯ ಶಾಸನದ ಮೂಲಕ ರಚಿಸಿತು. 2025ರಲ್ಲಿ ಅಮೆರಿಕದ ಸರ್ಕಾರವು ಚಿಲಿ ದೇಶದ ಇನ್ನೊಂದು ದೂರದರ್ಶಕವನ್ನು ಮಾತ್ರ ಮುಂದಿನ ಹಂತಕ್ಕೆ ಒಯ್ಯುವುದಾಗಿ ಹೇಳಿತು. ಅದೇ ವರ್ಷ ಸ್ಪೇನ್, ತನ್ನ ಲಾ ಪಾಲ್ಮ ದ್ವೀಪಕ್ಕೆ ಬರುವುದಾದರೆ 40 ಕೋಟಿ ಯೂರೋ ಕೊಡುವುದಾಗಿ ಆಹ್ವಾನವಿತ್ತಿತು.

ಪ್ರತಿಭಟಿಸಿದವರು ವಿಜ್ಞಾನದ ವೈರಿಗಳೆಂದು ಅನೇಕರು ಬರೆದರು. ನಾವು ಹಾಗೆ ತಿಳಿಯುವುದಿಲ್ಲ. ನಕ್ಷತ್ರಗಳನ್ನು ನೋಡಿ ಮಹಾಸಾಗರವನ್ನೇ ದಾಟಿಬಂದ ನಾವಿಕರ ಸಂತತಿ ಅದು. ಅವರ ಮಕ್ಕಳಲ್ಲಿ ಸಾಕಷ್ಟು ಮಂದಿ ಖಗೋಳಶಾಸ್ತ್ರಜ್ಞರಾಗಿ, ಆ ಶಿಖರದ ನಿರ್ಧಾರಗಳಲ್ಲಿ ಮೊದಲಿನಿಂದಲೇ ಮಾತನಾಡುವವರಾಗಿದ್ದರೆ, ಇಷ್ಟು ಕಹಿ ಬೆಳೆಯುತ್ತಿರಲಿಲ್ಲವೇನೋ. ಯುವ ಅಧ್ಯಾಪಕನಿಗೆ ಕೊಡುವ ಕೆಲವು ಲಕ್ಷ ಡಾಲರುಗಳನ್ನು ಉಳಿಸಿ, ಮುಂದೆ ನೂರಾರು ಕೋಟಿಯ ಯೋಜನೆಯನ್ನು ದಾರಿಯಲ್ಲಿ ನಿಲ್ಲಿಸಿಕೊಳ್ಳುವುದು ಮಿತವ್ಯಯವಲ್ಲ.

ನಮಗೆ ಉಳಿಯುವ ಮಾತು

ನ್ಯಾಯಾಲಯಗಳೂ ಸಂಸತ್ತೂ ಮುಂದೇನು ತೀರ್ಮಾನಿಸುವುವೋ ಕಾದುನೋಡಬೇಕು. ಆದರೆ ಒಂದು ಮಾತಂತೂ ಸ್ಪಷ್ಟ. ಯಾರ ಪ್ರಶ್ನೆಗೆ ವಿಜ್ಞಾನ ಉತ್ತರ ಹುಡುಕಬೇಕೆಂಬುದನ್ನು ತೀರ್ಮಾನಿಸುವುದು ಹಣ; ಆ ಹಣವನ್ನು ಯಾರ ಊರಿನ ಕಾಲೇಜಿಗೆ ಕಳುಹಿಸಬೇಕೆಂಬುದು ನೀತಿಯ ಪ್ರಶ್ನೆ. ಅಲ್ಲಿನ ಕಥೋಲಿಕ ವಿದ್ಯಾಸಂಸ್ಥೆಗಳೂ ಸರ್ಕಾರದ ಒಂದೇ ಕಿಸೆಯನ್ನು ನೆಚ್ಚದೆ, ಹಳೆವಿದ್ಯಾರ್ಥಿಗಳ ನಿಧಿ, ರಾಜ್ಯದ ನೆರವು, ದೊಡ್ಡ ವಿಶ್ವವಿದ್ಯಾನಿಲಯಗಳ ಸಹಯೋಗ ಮೊದಲಾದ ದಾರಿಗಳನ್ನು ಗಟ್ಟಿಗೊಳಿಸಿಕೊಳ್ಳಬೇಕಾದ ಕಾಲ ಬಂದಿದೆ.

ನಮ್ಮ ನಡುವೆಯೂ ಕಾಲೇಜುಗಳಿವೆ, ಹೊಸದಾಗಿ ಸೇರಿದ ಉಪನ್ಯಾಸಕರಿದ್ದಾರೆ. ಅವರಿಗೆ ಎಷ್ಟು ತರಗತಿಗಳ ಹೊರೆ ಹೊರಿಸಲಾಗಿದೆ, ಅವರ ಪ್ರಯೋಗಾಲಯದಲ್ಲಿ ಏನಿದೆ, ತಮ್ಮ ಊರಿನ ನದಿ, ನೆಲ, ರೋಗಗಳ ಕುರಿತು ಒಂದು ಪ್ರಶ್ನೆ ಕೇಳಲು ಅವರಿಗೆ ಬಿಡುವಿದೆಯೇ ಎಂಬುದನ್ನು ಆಡಳಿತ ಮಂಡಳಿಗಳೂ ಹೆತ್ತವರೂ ವಿಚಾರಿಸುವುದು ಒಳ್ಳೆಯದು. ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಕಟ್ಟಡ ಎಷ್ಟು ದೊಡ್ಡದೆಂದು ನೋಡುವ ನಾವು, ಅಲ್ಲಿ ಪಾಠ ಹೇಳುವವನು ಇನ್ನೂ ಕಲಿಯುತ್ತಿದ್ದಾನೆಯೇ ಎಂದು ಕೇಳುವುದು ಅಪರೂಪ.

ಸಂತ ದಾಮಿಯನರು ಮೊಲೊಕಾಯಿಯ ಜನರ ನಡುವೆ ನೆಲೆಸಿದರು, ಅವರ ನೋವನ್ನು ಹಂಚಿಕೊಂಡರು. ಆ ಜನರ ರೋಗಕ್ಕೆ ಮದ್ದನ್ನು ಹದಗೊಳಿಸಿದವರು ಮಾತ್ರ ಊರಿನ ಕಾಲೇಜಿನ ಒಬ್ಬ ಕಿರಿಯ ಉಪನ್ಯಾಸಕಿ. ಎರಡೂ ಸೇವೆಯೇ. ಮೊದಲನೆಯದನ್ನು ನಾವು ಪೀಠದ ಮೇಲಿಟ್ಟು ಗೌರವಿಸುತ್ತೇವೆ. ಎರಡನೆಯದಕ್ಕೆ ಬೇಕಾದದ್ದು ಒಂದು ಪ್ರಯೋಗಾಲಯ, ಒಂದಿಷ್ಟು ಬಿಡುವು, ಮತ್ತು ಕೊಟ್ಟ ಮಾತನ್ನು ನಡುವೆ ಮುರಿಯದ ಒಬ್ಬ ದಾನಿ.